ಹದಿನೆಂಟಿಂಚಿನ ಚಕ್ರ, ಟೇಪ್ ಮಾಮನ ಅಳತೆ

"ಮಗಳು ಬಸ್ಸಿಳಿಯೋಷ್ಟರಲ್ಲಿ ಅವಳ ಕಾರಿಗೆ ಎಂಥ ಚಕ್ರ ಹಾಕಿಸಿರ್ತೀನಿ ನೋಡ್ತಿರು! ಊರಿಗೆ ಊರೇ ನಿಂತು ನೋಡ್ಬೇಕು!" ಎಂದು ಟೇಪ್ ಮಾಮ ಕತ್ತರಿ ಎತ್ತಿ ಹಿಡಿದು ಪ್ರತಿಜ್ಞೆ ಮಾಡಿದರು.

ಊರಿಗೆ ಊರೇ ನಿಂತು ನೋಡಿದ್ದೇನೋ ನಿಜ. ಆದರೆ ಯಾಕೆ ನೋಡಿತು ಅನ್ನುವುದೇ ಕಥೆ!

ಟೇಪ್ ಮಾಮ ಎಂದರೆ ಬೀದಿ ಮೂಲೆಯ ದರ್ಜಿ. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವರನ್ನು ಕಂಡವರಿಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆದಿಡುತ್ತಾರೋ ಇಲ್ಲವೋ, ಹೆಂಡತಿಯನ್ನೇ ಕೇಳಬೇಕು. ನಲವತ್ತು ವರ್ಷದಲ್ಲಿ ಒಂದು ಪ್ಯಾಂಟೂ ವಾಪಸ್ ಬಂದಿಲ್ಲ ಎಂಬುದು ಅವರ ಹೆಗ್ಗಳಿಕೆ.

ಅಳತೆಯಲ್ಲಿ ಎಂದೂ ತಪ್ಪದ ಮಾಮ ಮಾತಿನಲ್ಲಿ ಮಾತ್ರ ಒಂದು ಸಲ ತಪ್ಪಿದ್ದರು. ಮೂರು ತಿಂಗಳ ಹಿಂದೆ ಮಗಳು ತನ್ನ ದುಡಿಮೆಯಲ್ಲಿ ಕೆಂಪನೆಯ ಕಾರು ತಂದು ಬಾಗಿಲಿಗೆ ನಿಲ್ಲಿಸಿದಳು. ನೆಲಕ್ಕೆ ಅಂಟಿಕೊಂಡ ಮೈ, ಗುರುಗುಟ್ಟುವ ದನಿ. ಮಾಮ ಸುತ್ತ ನಿಂತವರ ಎದುರಿಗೇ, "ಇದೇನಮ್ಮಾ, ಕಾರಿನ ಮೇಲೆ ಆನೆ ಕೂತು ಎದ್ದ ಹಾಗಿದೆಯಲ್ಲ!" ಎಂದುಬಿಟ್ಟರು. ಎಲ್ಲರೂ ಗೊಳ್ಳೆಂದು ನಕ್ಕರು. ಮಗಳು ನಗಲಿಲ್ಲ. "ಹಾಗಾದ್ರೆ ನೀನು ಇದರಲ್ಲಿ ಕೂರೋದೇ ಬೇಡಪ್ಪ" ಎಂದವಳು, ಬೀಗದ ಕೈಯನ್ನು ತಾಯಿಯ ಕೈಗಿಟ್ಟು ಕೆಲಸದ ತರಬೇತಿಗೆ ಹೊರಟುಹೋದಳು. ಫೋನಿನಲ್ಲಿ ತಾಯಿಯ ಜೊತೆ ಗಂಟೆಗಟ್ಟಲೆ ಮಾತು. ಅಪ್ಪನ ಪಾಲಿಗೆ "ಊಟ ಆಯ್ತಾ?" ಅಷ್ಟೇ.

ಈಗ ಬರುತ್ತಿದ್ದಾಳೆ. ಈ ಚಕ್ರದಿಂದ ಎಲ್ಲ ಸರಿಹೋಗಬೇಕು!

"ದೊಡ್ಡ ಚಕ್ರ ಹಾಕಿಸ್ಬೇಕು ಅಂತ ಅವಳಿಗೂ ಆಸೆ ಇತ್ತು. ಎಷ್ಟಿಂಚಿಂದು ಅಂತ ಕೇಳೋಣ ತಾಳಿ" ಎಂದರು ಹೆಂಡತಿ, ಕಾಜ ಹೊಲಿಯುತ್ತಾ.

"ಏ ಇವಳೇ, ಅಳತೆ ವಿಷಯ ನಾನು ಇನ್ನೊಬ್ಬರನ್ನ ಕೇಳ್ಬೇಕಾ?" ಮಾಮ ಕಾರಿನ ಪಕ್ಕ ಮಂಡಿಯೂರಿ, ಟೈರು ಬಿಟ್ಟು ಒಳಗಿನ ಲೋಹದ ಚಕ್ರದ ಈ ಅಂಚಿನಿಂದ ಆ ಅಂಚಿಗೆ ಟೇಪು ಎಳೆದರು. "ಹದಿನೇಳು! ಬರ್ಕೋ!"

"ಟೈರಿನ ಮೇಲೆ ಹದಿನಾರು ಅಂತ ಏನೋ ಇದೆಯಲ್ರೀ?"

"ರೆಡಿಮೇಡ್ ಪ್ಯಾಂಟಿನ ಪಟ್ಟಿ ಮೇಲೂ ಮೂವತ್ತೆರಡು ಅಂತ ಇರುತ್ತೆ. ಹಾಕ್ಕೊಂಡವನಿಗೆ ಗೊತ್ತು ಅದರ ಬಂಡವಾಳ! ಕಂಪನಿಯವರು ಬರೆದಿದ್ದನ್ನ ನಂಬಿದ್ರೆ ನನ್ನ ಅಂಗಡಿ ಎಂದೋ ಮುಚ್ತಿತ್ತು."

ಚಕ್ರದಂಗಡಿಗೆ ಫೋನು ಹೋಯಿತು. "ಈಗಿರೋದು ಹದಿನೇಳು. ಒಂದು ಸೈಜ್ ಮೇಲೆ, ಹದಿನೆಂಟು ಕಳ್ಸಪ್ಪ."

"ಆಗ್ಲಿ ಯಜಮಾನ್ರೇ. ಆದ್ರೆ ಚಕ್ರ ದೊಡ್ಡದಾದ್ರೆ ಟೈರು ತೆಳ್ಳಗಾಗ್ಬೇಕು."

"ಯಾಕೆ? ಇಷ್ಟೆತ್ತರದ ಆಳಿಗೆ ಮೊಣಕಾಲು ಚಡ್ಡಿ ಹಾಕಿಸ್ತೀಯಾ? ಈಗಿನಷ್ಟೇ ದಪ್ಪಂದು ಕಳ್ಸು!"

ಮನೆಗೇ ಬಂದು ಚಕ್ರ ಕೂರಿಸಿದ ಟೈರಿನಾತ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಮಾಮ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳೂ ಹೋಗ್ತಿಲ್ಲ."

"ಅದಕ್ಕೇ ಕಣಯ್ಯಾ ಫಿಟ್ಟಿಂಗ್ ಅನ್ನೋದು!"

ಆಹಾ, ಆ ಬೆಳ್ಳಿಯ ಥಳುಕು! ಮಾಮ ಚಕ್ರದಲ್ಲೇ ಮುಖ ನೋಡಿಕೊಂಡು ಮೀಸೆ ತೀಡಿದರು. ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ದಂಡಯಾತ್ರೆ ಹೊರಟರು. ನೆಟ್ಟಗಿನ ರಸ್ತೆಯಲ್ಲಿ ಕಾರು ಬೆಣ್ಣೆಯಂತೆ ಸಾಗಿತು. ನಿಲ್ದಾಣದ ಮುಂದಿನ ದೊಡ್ಡ ಸರ್ಕಲ್ ಬಂತು. ಮಾಮ ಎಡಕ್ಕೆ ಸ್ಟೇರಿಂಗ್ ತಿರುಗಿಸಿದರು.

ಗರ್ರ್ರ್ರ್!

ಗಾಬರಿಯಲ್ಲಿ ಸ್ಟೇರಿಂಗ್ ಸಡಿಲಿಸಿದರು. ಸದ್ದು ನಿಂತಿತು. ಆದರೆ ನಿಲ್ದಾಣದ ದಾರಿ ತಪ್ಪಿತು. ಒಂದು ಸುತ್ತು ಬಂದು ಮತ್ತೆ ತಿರುಗಿಸಿದರೆ ಮತ್ತೆ ಗರ್ರ್! ಸರ್ಕಲ್ಲಿನ ಅಗಲ ತಿರುವಿಗೆ ಮಾತ್ರ ಚಕ್ರ ಸುಮ್ಮನಿರುತ್ತಿತ್ತು. ಯಾವ ರಸ್ತೆಗೆ ಹೊರಳಿಸಿದರೂ ಹುಲಿ ಗರ್ಜನೆ!

"ತಿರುಗಿಸ್ರೀ!"

"ತಿರುಗಿಸಿದ್ರೆ ಕೂಗುತ್ತೆ ಕಣೇ!"

"ಕೂಗಿದ್ರೆ ಕೂಗ್ಲಿ!"

"ಅವಳ ಕಾರು ಕಣೇ! ಏನಾದ್ರೂ ಹರಿದುಹೋದ್ರೆ ಅವಳು 'ಊಟ ಆಯ್ತಾ' ಅಂತ ಕೇಳೋದನ್ನೂ ಬಿಡ್ತಾಳೆ!"

"ಅಯ್ಯೋ, ಅಲ್ನೋಡಿ, ಮಗಳು ಕೈ ಬೀಸ್ತಿದ್ದಾಳೆ!"

ನಿಲ್ಲಿಸೋಣವೆಂದರೆ ಹಿಂದೆ ಹಾರನ್ನುಗಳ ಮೆರವಣಿಗೆ. ಹೆಂಡತಿ ಕಿಟಕಿಯಿಂದ ಕೈ ಬೀಸಿದರು. ಕಾರು ಮುಂದೆ ಹೋಯಿತು. ಎರಡನೇ ಸಲವೂ ಬೀಸಿದರು. ಹೂವಿನವಳು ಬುಟ್ಟಿ ಇಳಿಸಿ ನಿಂತಳು, ಆಟೋದವರು ಸಾಲಾಗಿ ನಿಂತರು; ಯಾರೋ ಸುತ್ತು ಎಣಿಸತೊಡಗಿದರು. ನಾಲ್ಕನೇ ಸುತ್ತಿಗೆ ಮಗಳು ಚೀಲ ಕೆಳಗಿಟ್ಟು, ಪೊಲೀಸಿನವರ ಹಾಗೆ ಕೈ ಅಡ್ಡ ಹಿಡಿದು ನಿಂತಳು.

ಕಾರು ನಿಂತಿತು. ಅವಳು ಬಗ್ಗಿ ಚಕ್ರ ನೋಡಿದಳು.

"ಎಷ್ಟಿಂಚು?"

"ಹದಿನೆಂಟು. ಮೊದಲಿದ್ದದ್ದು ಹದಿನೇಳು. ನಾನೇ ಅಳೆದೆ."

"ಹದಿನಾರಪ್ಪಾ! ಹೊರಗಿನ ಅಂಚು ಹಿಡಿದು ಅಳೆದೆಯಾ? ಟೈರು ಒಳಗೆ ಕೂರೋ ಜಾಗ ಅಳೀಬೇಕು. ಗಿರಾಕಿ ಸೊಂಟ ಅಳೆಯೋವಾಗ ಕೋಟಿನ ಮೇಲೆ ಟೇಪು ಹಿಡೀತೀಯಾ?"

ಮಾಮ ಕೊರಳಿನ ಟೇಪನ್ನು ಮೆಲ್ಲಗೆ ತೆಗೆದು ಜೇಬಿಗೆ ತುರುಕಿಕೊಂಡರು. "ಆವತ್ತು ಅಷ್ಟು ಜನರ ಮುಂದೆ ಹಾಗನ್ನಬಾರದಿತ್ತು ಮಗಳೇ. ತಪ್ಪಾಯ್ತು ಅನ್ನೋಕೆ ನಾಲಗೆ ಹೊರಳ್ಲಿಲ್ಲ. ಅದಕ್ಕೇ ಚಕ್ರ ಹಾಕಿಸ್ದೆ."

ಮಗಳು ಥಳಥಳಿಸುವ ಚಕ್ರವನ್ನೊಮ್ಮೆ ಸವರಿದಳು. ಆಮೇಲೆ ಹೇಳಿದಳು: "ತಪ್ಪಾಯ್ತು ಅನ್ನೋದು ಒಂದು ನಿಮಿಷದ ಕೆಲಸ. ನೀನು ನಾಲ್ಕು ಚಕ್ರ ತಂದ್ಯಲ್ಲಪ್ಪ!"

ಚಕ್ರದಂಗಡಿಗೆ ಅವಳೇ ಫೋನು ಮಾಡಿದಳು. ಹದಿನೇಳರದ್ದು ಇದೆ, ತೆಳು ಟೈರು ಹಾಕಿ ಬದಲಾಯಿಸಿ ಕೊಡುತ್ತೇನೆ, ನಿಧಾನವಾಗಿ ತನ್ನಿ ಎಂದ ಅಂಗಡಿಯವನು. "ನನಗೂ ಹದಿನೇಳೇ ಬೇಕಿತ್ತು" ಎಂದು ಮಗಳು ಬೀಗದ ಕೈಗೆ ಕೈಚಾಚಿದಳು. ತಾಯಿ ಹಿಂದಿನ ಸೀಟಿಗೆ ಸರಿದರು. ಮಾಮ ರಸ್ತೆಯಲ್ಲೇ ನಿಂತಿದ್ದರು.

"ಕೂತ್ಕೋ ಅಪ್ಪ."

"ಎಲ್ಲಿ?"

"ಮುಂದೆ. ನನ್ನ ಪಕ್ಕ."

ಮಾಮನಿಗೆ ಪಲ್ಲಕ್ಕಿ ಏರಿದ ಹಾಗಾಯಿತು. ಕಾರು ಆಮೆಯಂತೆ ಹೊರಟಿತು. ತಿರುವಿನಲ್ಲಿ ಮಗಳ ಪಕ್ಕದ ಚಕ್ರ ಪಿಸುಗುಟ್ಟಿದರೆ, ಮಾಮನ ಭಾರಕ್ಕೆ ತಗ್ಗಿದ್ದ ಪಕ್ಕದ್ದು ಮಾತ್ರ ಗರ್ರ್ ಎಂದಿತು!

ಮಗಳು ಓರೆಗಣ್ಣಿನಲ್ಲಿ ನೋಡಿದಳು. "ಅಪ್ಪಾ, ನಿನ್ನ ಸೊಂಟದ ಸುತ್ತಳತೆ ಎಷ್ಟು?"

"ಮೂವತ್ತಾರು!" ಎಂದರು ಮಾಮ ಎದೆಯುಬ್ಬಿಸಿ.

"ಅದನ್ನೂ ಇವರೇ ಅಳ್ಕೊಂಡಿದ್ದು!" ಎಂದಿತು ಹಿಂದಿನ ಸೀಟು.

ಮಗಳು ಕಾರು ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ತಲೆಯಾನಿಸಿ ಮನಸಾರೆ ನಕ್ಕಳು. ಮೂರು ತಿಂಗಳಿಂದ ಮಾಮ ಕಾದಿದ್ದ ನಗು ಅದು. ಕಾರು ಮತ್ತೆ ಹೊರಟಾಗ ಅವರು ಚಕ್ರದಂಗಡಿ ಬರುವವರೆಗೂ ಒಂದೊಂದು ತಿರುವಿನಲ್ಲೂ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಕೂತರು.