ಹೂದಾನಿಯ ಆಡಳಿತ

ಸಾಂಸ್ಕೃತಿಕ ವಿನಿಮಯ ಇಲಾಖೆಯಲ್ಲಿ ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂಬುದು ಹೂದಾನಿಯ ಆಧಾರದ ಮೇಲೆಯೇ ತೀರ್ಮಾನವಾಗುತ್ತದೆ, ಬೇರಾವ ಶಿಫಾರಸಿಗೂ ಅವಕಾಶವಿಲ್ಲ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ಈ ಸುಧಾರಣೆಗೆ ಕಾರಣರಾದವರು ಜಪಾನಿನಿಂದ ಬಂದ ಹೂ ಟೀಚರ್. ತಮ್ಮ ದೇಶದ ಹೂಜೋಡಣೆಯನ್ನು ಹೊರಗಿನವರಿಗೂ ಕಲಿಸಬೇಕೆಂಬ ಆಸೆಯಿಂದ ನಮ್ಮ ಭಾಷೆಯನ್ನೂ ಕಲಿತು ಬಂದಿದ್ದ ಮೆಲುಮಾತಿನ ಹೆಂಗಸು. ಮೊದಲ ದಿನವೇ ಸಭಾಂಗಣದಲ್ಲಿ ಅಗಲ ಬಾಯಿಯ ಹೂದಾನಿಯೊಳಗೆ ಮೂರು ಕಡ್ಡಿ ನಿಲ್ಲಿಸಿ, "ಎತ್ತರದ್ದು ಆಕಾಶ, ನಡುವಿನದು ಮನುಷ್ಯ, ಗಿಡ್ಡದ್ದು ಭೂಮಿ" ಎಂದು ವಿವರಿಸಿದರು.

"ಅಂದ್ರೆ ಎತ್ತರದ್ದು ನಾನು," ಎಂದರು ನಿರ್ದೇಶಕರು.

ಯಾರೂ ಆಕ್ಷೇಪಿಸಲಿಲ್ಲ. ನಡುವಿನದು ಉಪನಿರ್ದೇಶಕರು, ಗಿಡ್ಡದ್ದು ಉಳಿದ ಸಿಬ್ಬಂದಿ ಎಂದು ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು.

ಅಂದಿನಿಂದ ಟೀಚರ್ ಹೂ ಜೋಡಿಸುವಾಗ ಇಡೀ ಕಚೇರಿ ಉಸಿರು ಬಿಗಿಹಿಡಿದು ನೋಡತೊಡಗಿತು. ಇಷ್ಟು ಶ್ರದ್ಧೆಯ ಶಿಷ್ಯರು ತಮ್ಮೂರಲ್ಲೂ ಸಿಕ್ಕಿರಲಿಲ್ಲವೆಂದು ಅವರು ಕಣ್ಣೊರೆಸಿಕೊಂಡರು.

ಒಂದು ಸೋಮವಾರ ನಡುವಿನ ಕಡ್ಡಿ ಕಿಟಕಿಯ ಕಡೆಗೆ ವಾಲಿತ್ತು. ಉಪನಿರ್ದೇಶಕರು ಕಡ್ಡಿಯನ್ನೂ ಕಿಟಕಿಯನ್ನೂ ಮತ್ತೆ ಮತ್ತೆ ನೋಡಿದರು. ಅವರ ಹೆಂಡತಿ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ವರ್ಷಗಟ್ಟಲೆ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದು, ಇತ್ತೀಚೆಗಷ್ಟೇ ಇಬ್ಬರೂ ಒಟ್ಟಿಗೆ ಕೂತು ಉಣ್ಣುವಂತಾಗಿತ್ತು. ಎಲ್ಲರೂ ಚಹಾಕ್ಕೆ ಎದ್ದುಹೋದಾಗ ಉಪನಿರ್ದೇಶಕರು ಟೀಚರ್ ಬಳಿ ಬಂದರು.

"ಟೀಚರ್, ನನ್ನನ್ನ ಸ್ವಲ್ಪ ನೆಟ್ಟಗೆ ಮಾಡ್ತೀರಾ?"

"ಬಾಗಿದ್ರೇನೇ ಚಂದ, ಸರ್."

"ಚಂದ ಹಾಗಿರ್ಲಿ. ಗಡೀಲಿ ನಮ್ಮ ಇಲಾಖೆ ಉಗ್ರಾಣ ಇರೋದು ಅದೇ ದಿಕ್ಕಿಗೆ. ಅಲ್ಲಿಗೆ ಹಾಕ್ತಾರೆ ನನ್ನನ್ನ."

ಟೀಚರಿಗೆ ಅರ್ಥವಾದದ್ದು ಅರ್ಧ, ಕನಿಕರವಾದದ್ದು ಪೂರ್ತಿ. ಕಡ್ಡಿಯನ್ನು ಮೆಲ್ಲಗೆ ನೆಟ್ಟಗೆ ಮಾಡಹೋದರು. ಅದು ಪಟ್ಟನೆ ಮುರಿಯಿತು.

ವಾಲಿದ್ದಕ್ಕೆ ವರ್ಗಾವಣೆ ಸಾಕಿತ್ತು. ಮುರಿದದ್ದರಿಂದ ಅಮಾನತು ಅನಿವಾರ್ಯವಾಯಿತು. ಉಪನಿರ್ದೇಶಕರು ಮೇಜಿನ ಖಾನೆ ಖಾಲಿ ಮಾಡಿಕೊಂಡು ಮನೆಗೆ ಹೋದರು.

"ಸದ್ಯ, ಮನೇಲಿರ್ತೀರಲ್ಲ," ಎಂದರು ಹೆಂಡತಿ.

ಟೀಚರ್ ನಿರ್ದೇಶಕರ ಕೋಣೆಗೆ ಓಡಿದರು. "ಕಡ್ಡಿ ಮುರಿದದ್ದು ನನ್ನ ಕೈ! ಅವರ ತಪ್ಪೇನಿದೆ?"

"ಕೈ ಯಾರದಾದ್ರೇನು? ಮುರಿದದ್ದು ಅವರ ಕಡ್ಡಿ ತಾನೇ. ವ್ಯವಸ್ಥೆ ಅಂತ ಒಂದಿರತ್ತೆ, ಟೀಚರ್."

ಆ ರಾತ್ರಿ ಟೀಚರಿಗೆ ನಿದ್ದೆ ಹತ್ತಲಿಲ್ಲ. ಇನ್ನು ತಮ್ಮಿಂದ ಯಾರ ಹೊಟ್ಟೆಯ ಮೇಲೂ ಹೊಡೆತ ಬೀಳಬಾರದೆಂದು ಮರುದಿನ ಒಂದು ಹೂವನ್ನೂ ಮುಟ್ಟದೆ ಸುಮ್ಮನೆ ಕೂತರು.

ಸಿಬ್ಬಂದಿ ಬಂದು ಬರಿದಾದ ಹೂದಾನಿಯನ್ನು ನೋಡಿದರು. ನಿರ್ದೇಶಕರೂ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಬಳಿಕ ಎಲ್ಲ ಹುದ್ದೆಗಳೂ ಖಾಲಿಯಾಗಿವೆ ಎಂಬ ಆದೇಶಕ್ಕೆ ಸಹಿ ಹಾಕಿ, ಫ್ಯಾನು ಆರಿಸಿ, ಟೀಚರಿಗೆ ಬಾಗಿ ವಂದಿಸಿದರು.

"ಅದ್ಭುತ, ಟೀಚರ್. ನಿಮ್ಮ ಕಲೆ ಇವತ್ತು ಪೂರ್ತಿ ಅರ್ಥ ಆಯ್ತು."

ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೊರಟರು. ಹೊರಗೆ ಸಾಲಿನಲ್ಲಿದ್ದ ಸಾರ್ವಜನಿಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಚೇರಿಯ ಕೆಲಸದಲ್ಲಿ ವ್ಯತ್ಯಾಸವೇನೂ ಕಾಣದ್ದರಿಂದ ಮತ್ತೆ ಸಾಲಿನಲ್ಲಿ ನಿಂತುಕೊಂಡರು.