ಹಳೆಯ ನಾಮಿನಿ

ವೆಂಡಲಿನ್ ಲೈಕರ್ ತನ್ನ ಅರವತ್ತಮೂರು ವರ್ಷಗಳಲ್ಲಿ ಮಾಡಿದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಆ ಬುಧವಾರ ಬೆಳಿಗ್ಗೆ ಒಂದು ಲಕೋಟೆ ಒಡೆದನಲ್ಲ, ಅದರ ಮುಂದೆ ಉಳಿದವೆಲ್ಲ ಸಣ್ಣವು. ಟಪಾಲು ತೆಗೆದು ಓದುವುದು ಹೆಂಡತಿ ಬರ್ನಿಟಾಳ ಇಲಾಖೆ. ಅವಳು ವೃದ್ಧಾಶ್ರಮದ ಅಡುಗೆಮನೆಯ ಕೆಲಸಕ್ಕೆ ಹೋಗಿದ್ದಳು. ಇವನಿಗೆ ರಜೆ. ಗೋಧಿ ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು. ರೋಸೆನ್‌ಡಾರ್ಫಿನ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವವನಿಗೆ ಏಪ್ರಿಲ್‌ನಲ್ಲಿ ತೂಗುವುದಕ್ಕೆ ಕಾನ್ಸಾಸಿನ ಗಾಳಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕೈ ಸುಮ್ಮನಿರಲಿಲ್ಲ, ಒಡೆದ.

ಅವನ ನಿವೃತ್ತಿ ಖಾತೆಯ ವರ್ಷದ ಲೆಕ್ಕ ಅದು. ಕೆಲಸಕ್ಕೆ ಸೇರಿದಾಗಿನಿಂದ ಆಗೊಂದು ಈಗೊಂದು ಹಾಕುತ್ತಾ, ನಡುವೆ ಮರೆಯುತ್ತಾ, ಈಗ ಹದಿನೆಂಟು ಸಾವಿರದ ಆರುನೂರ ನಲವತ್ತು ಡಾಲರ್ ಆಗಿತ್ತು. ಪರವಾಗಿಲ್ಲವೇ ಎಂದುಕೊಂಡು ಕಾಫಿ ಗುಟುಕರಿಸಿದ. ಆಗ ಕಡೆಯ ಸಾಲು ಕಣ್ಣಿಗೆ ಬಿತ್ತು. ‘ನಾಮಿನಿ: ಲವೋನ್ ಲೈಕರ್. ಸಂಬಂಧ: ಪತ್ನಿ.’

ಕಾಫಿ ಮೂಗಿಗೆ ಹತ್ತಿತು.

ಲವೋನ್ ಅವನ ಪತ್ನಿಯಾಗಿದ್ದದ್ದು ನಿಜ, ಆದರೆ ಇಪ್ಪತ್ತೆರಡು ವರ್ಷದ ಹಿಂದೆ. ವಿಚ್ಛೇದನದ ಹೊತ್ತಿಗೆ ಮನೆ ಹಂಚಿಕೊಂಡರು, ದೋಣಿ ಹಂಚಿಕೊಂಡರು, ನಾಯಿಯನ್ನು ವಾರಕ್ಕೊಬ್ಬರಂತೆ ಹಂಚಿಕೊಂಡರು. ಈ ಕಾಗದದ ನೆನಪು ಮಾತ್ರ ಇಬ್ಬರಿಗೂ ಆಗಲಿಲ್ಲ. ಉಯಿಲಿನಲ್ಲಿ ಏನೇ ಬರೆದಿರಲಿ, ಇಂಥ ಖಾತೆಗೆ ನಾಮಿನಿ ಫಾರಮ್ಮೇ ವೇದವಾಕ್ಯ. ಅವನು ಸತ್ತರೆ ದುಡ್ಡು ನೇರ ಲವೋನ್‌ಗೆ.

ಸಾವಿನ ಚಿಂತೆ ಅವನಿಗೆ ಅಷ್ಟಿರಲಿಲ್ಲ. ಚಿಂತೆ ನಾಳೆಯದು. ನಾಳೆ ಹತ್ತು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಪಟ್ಟಣದಲ್ಲಿ ಆ ಖಾತೆ ನೋಡಿಕೊಳ್ಳುವ ಕಂಪನಿಗೆ ಹೋಗಬೇಕಿತ್ತು. ನಿವೃತ್ತಿಯ ಲೆಕ್ಕ ಹಾಕಿಸಲು ಬರ್ನಿಟಾಳೇ ಸಮಯ ಗೊತ್ತುಮಾಡಿದ್ದಳು. ಅಲ್ಲಿಯವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸುತ್ತಾನೆ. ಅವಳು ಓದುತ್ತಾಳೆ. ಆಮೇಲಿನದನ್ನು ಊಹಿಸಿಕೊಂಡು ವೆಂಡಲಿನ್ ಕಂಪನಿಗೆ ಫೋನ್ ಮಾಡಿದ.

ಮೂವತ್ತು ವರ್ಷ ಉಗ್ರಾಣದ ಮೋಟಾರುಗಳ ಪಕ್ಕದಲ್ಲಿ ನಿಂತವನಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವಿಲ್ಲ. ಕಿಟಕಿ ತೆರೆದಿತ್ತು.

“ನಾನು ಸತ್ರೆ ಲವೋನ್‌ಗೆ ಹೋಗಬಾರದು ಕಣಮ್ಮಾ! ಎಲ್ಲಾ ಬರ್ನಿಟಾಗೇ ಹೋಗ್ಬೇಕು! ಇವತ್ತೇ ಆಗ್ಬೇಕು! ನಾಳೆ ಅಂದ್ರೆ ನನ್ನ ಕತೆ ಮುಗೀತು!”

ಆ ಕಡೆಯ ಹುಡುಗಿ ತಾಳ್ಮೆಯಿಂದ ಹೇಳಿದಳು. ಹೊಸ ಫಾರಂ ತುಂಬಿ, ನೋಟರಿಯ ಮೊಹರು ಹಾಕಿಸಿ, ಸಂಜೆ ಐದರೊಳಗೆ ಫ್ಯಾಕ್ಸ್ ಮಾಡಿದರೆ ಬೆಳಿಗ್ಗೆ ಪರದೆಯ ಮೇಲೆ ಹೊಸ ಹೆಸರು ಇರುತ್ತದೆ.

ಅವನು ಹೊರಗೆ ಬಂದಾಗ ಪಕ್ಕದ ಮನೆಯ ಆಗ್ನೆಸ್ ಬೇಲಿಗೆ ಒರಗಿ ನಿಂತಿದ್ದಳು. ಎಂಬತ್ತೊಂದು ವರ್ಷ. ಕಣ್ಣು ಮಂದ, ಮೊಣಕಾಲು ನೋವು, ಕಿವಿ ಮಾತ್ರ ಹೊಸದರಂತೆ ಕೆಲಸ ಮಾಡುತ್ತಿತ್ತು.

“ಎಷ್ಟು ಟೈಮ್ ಕೊಟ್ಟಿದ್ದಾರಪ್ಪಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

“ಐದು ಗಂಟೆವರೆಗೆ. ಬರ್ನಿಟಾಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ” ಎಂದು ವೆಂಡಲಿನ್ ತನ್ನ ಪಿಕಪ್ ಗಾಡಿ ಹತ್ತಿದ.

ಆಗ್ನೆಸ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ನೇರ ಫೋನಿನ ಕಡೆ ನಡೆದಳು. ಬರ್ನಿಟಾಗೆ ಹೇಳಲಿಲ್ಲ. ಉಳಿದವರಿಗೆಲ್ಲ ಹೇಳಿದಳು.

ಗ್ರಂಥಾಲಯದಲ್ಲಿ ಫಾರಂ ಪ್ರಿಂಟ್ ಹಾಕಿಸಿ ತುಂಬಿದ್ದಾಯಿತು. ಇನ್ನು ಮೊಹರು. ಊರಲ್ಲಿ ನೋಟರಿಗಳು ಇಬ್ಬರೇ. ಒಬ್ಬ ಶವಸಂಸ್ಕಾರದ ಮಳಿಗೆಯ ಗಿಲ್ಬರ್ಟ್. ಇನ್ನೊಬ್ಬಳು ಬ್ಯಾಂಕಿನಲ್ಲಿ ಕೂರುವ ಲವೋನ್. ಹಳೆಯ ಹೆಂಡತಿಯ ಹೆಸರು ಹೊಡೆಯುವ ಕಾಗದಕ್ಕೆ ಹಳೆಯ ಹೆಂಡತಿಯ ಕೈಯಲ್ಲೇ ಮೊಹರು ಒತ್ತಿಸುವಷ್ಟು ಗುಂಡಿಗೆ ವೆಂಡಲಿನ್‌ಗೆ ಇರಲಿಲ್ಲ. ಗಾಡಿಯನ್ನು ಗಿಲ್ಬರ್ಟನ ಬಾಗಿಲಲ್ಲಿ ನಿಲ್ಲಿಸಿದ.

ಗಿಲ್ಬರ್ಟ್ ಟರ್ಕಿ ಕೋಳಿ ಬೇಟೆಗೆ ಹೋಗಿದ್ದ. “ಇನ್ನೇನು ಬಂದ್ಬಿಡ್ತಾರೆ, ಕೂತ್ಕೊಳ್ಳಿ” ಎಂದಳು ಅವನ ಹೆಂಡತಿ. ಅಷ್ಟರಲ್ಲಿ ಒಳಗೆ ಫೋನು ಬಂತು. ಆಗ್ನೆಸ್‌ಳದು. ಮಾತು ಮುಗಿಸಿ ಬಂದವಳ ಮುಖವೇ ಬೇರೆಯಾಗಿತ್ತು. ಅವನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಸಾಲಾಗಿ ಇಟ್ಟಿದ್ದ ಶವಪೆಟ್ಟಿಗೆಗಳನ್ನು ತೋರಿಸತೊಡಗಿದಳು.

“ಇದು ಓಕ್ ಮರದ್ದು. ನಿಮ್ಮ ಎತ್ತರಕ್ಕೆ ಸರಿಹೋಗತ್ತೆ. ಬೇಕಾದ್ರೆ ಒಂದ್ಸಲ ಮಲಗಿ ನೋಡಿ, ಸಂಕೋಚ ಬೇಡ.”

“ನಾನು ಬರೀ ಒಂದು ಮೊಹರಿಗೆ ಬಂದೆ ಕಣಮ್ಮಾ.”

“ಎಲ್ರೂ ಮೊದಲು ಹಾಗೇ ಅಂತಾರೆ” ಎಂದಳು ಅವಳು, ಕಣ್ಣೊರೆಸಿಕೊಂಡು.

ಮುಜುಗರಕ್ಕೆ ಬೆವರು ಬಂತು. ಕನ್ನಡಕ ತೆಗೆದು ಓಕ್ ಪೆಟ್ಟಿಗೆಯ ಮೇಲಿಟ್ಟು ಮುಖ ಒರೆಸಿಕೊಂಡ. ಅಷ್ಟು ಹೊತ್ತಿಗೆ ಗಿಲ್ಬರ್ಟನ ಫೋನು ಬಂತು, ಕೋಳಿ ಇನ್ನೂ ಸಿಕ್ಕಿಲ್ಲ, ಕತ್ತಲಾಗುವವರೆಗೆ ಬರುವುದಿಲ್ಲ ಎಂದು. ವೆಂಡಲಿನ್ ಕನ್ನಡಕವನ್ನು ಅಲ್ಲೇ ಮರೆತು ಹೊರಟ.

ರೋಸೆನ್‌ಡಾರ್ಫಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಯಾರೂ ಕೇಳಬೇಕಿಲ್ಲ, ಪಿಕಪ್ ನೋಡಿದರೆ ಸಾಕು. ವೆಂಡಲಿನ್‌ನ ಹಸಿರು ಪಿಕಪ್ ಮುಕ್ಕಾಲು ಗಂಟೆ ಹೆಣದ ಮಳಿಗೆಯೆದುರು ನಿಂತದ್ದನ್ನು ಊರೆಲ್ಲ ನೋಡಿತ್ತು. ಹೀಗಾಗಿ ಅವನು ಹೋಟೆಲಿಗೆ ಹೋಗಿ ಚಿಲಿ ಸಾರು, ದಾಲ್ಚಿನ್ನಿ ರೋಲು ತರಿಸಿಕೊಂಡಾಗ ಯಜಮಾನ ದುಡ್ಡು ಮುಟ್ಟಲಿಲ್ಲ. ಇನ್ನೊಂದು ರೋಲು ತಾನಾಗಿ ತಟ್ಟೆಗೆ ಬಂತು. ಒಂಬತ್ತು ವರ್ಷದ ಹಿಂದೆ ಮರ ಕೊಯ್ಯುವ ಗರಗಸ ಒಯ್ದಿದ್ದವನೊಬ್ಬ ಓಡಿಹೋಗಿ ಅದನ್ನು ತಂದು ಪಕ್ಕದಲ್ಲಿಟ್ಟು, “ನನ್ನ ಮನಸ್ಸಿನ ಭಾರ ಇಳೀತು” ಎಂದ. ಮತ್ತೊಬ್ಬ ಹೆಗಲ ಮೇಲೆ ಕೈಯಿಟ್ಟ.

“ಬೇಜಾರು ಮಾಡ್ಕೋಬೇಡ ವೆಂಡಲಿನ್. ಆ ಪಿಕಪ್ ಯಾರಿಗೆ ಅಂತ ಏನಾದ್ರೂ ಯೋಚನೆ ಮಾಡಿದ್ದೀಯಾ?”

ಊರಿಗೆ ಇವತ್ತು ಏನೋ ಒಳ್ಳೆಯ ಬುದ್ಧಿ ಬಂದಿದೆ ಎಂದುಕೊಂಡು ವೆಂಡಲಿನ್ ಎರಡೂ ರೋಲು ತಿಂದ. ತಿನ್ನುತ್ತಾ ಧೈರ್ಯ ಕೂಡಿಸಿಕೊಂಡ. ಕೂಡಿಬರುವ ಹೊತ್ತಿಗೆ ನಾಲ್ಕೂವರೆ. ಬೇರೆ ದಾರಿ ಇರಲಿಲ್ಲ.

ಬ್ಯಾಂಕಿನಲ್ಲಿ ಆಗ್ನೆಸ್ ಆಗಲೇ ಒಂದು ಕುರ್ಚಿ ಹಿಡಿದು ಕೂತಿದ್ದಳು. ಲವೋನ್ ತನ್ನ ಮೇಜಿನ ಹಿಂದೆ, ಹೊಗೆಯ ವಾಸನೆಯ ಸ್ವೆಟರ್ ಹಾಕಿಕೊಂಡು, ಇಪ್ಪತ್ತೆರಡು ವರ್ಷದಿಂದ ಅವನನ್ನು ನೋಡುವ ಅದೇ ನೋಟದಿಂದ ನೋಡಿದಳು. ವೆಂಡಲಿನ್ ಫಾರಮ್ಮಿನ ಮೇಲ್ಭಾಗವನ್ನು ಮಡಚಿ ಸಹಿಯ ಜಾಗ ಮಾತ್ರ ಕಾಣುವಂತೆ ಮುಂದಿಟ್ಟ. ಅವಳು ಮಡಿಕೆ ಬಿಚ್ಚಿದಳು.

“ಹಳೆಯ ನಾಮಿನಿ, ಲವೋನ್ ಲೈಕರ್” ಎಂದು ಬ್ಯಾಂಕಿಗೆಲ್ಲ ಕೇಳುವಂತೆ ಓದಿದಳು. “ಅಯ್ಯೋ, ಇನ್ನೂ ನಾನೇ ಇದ್ದೆನಾ?”

“ಮರೆತುಹೋಗಿತ್ತು. ತಪ್ಪು ತಿಳ್ಕೋಬೇಡ.”

“ಯಾಕೆ ತಪ್ಪು ತಿಳ್ಕೊಳ್ಳಲಿ? ಸರಿಯಾಗೇ ಮಾಡ್ತಿದ್ದೀಯ. ಹಾಕು ಸಹಿ.”

ಗುರುತಿನ ಚೀಟಿ ನೋಡಿದಳು, ಮೊಹರು ಒತ್ತಿದಳು, ತಾನೇ ಎದ್ದು ಫ್ಯಾಕ್ಸ್ ಮಾಡಿದಳು. ನಾಲ್ಕು ಐವತ್ತೆರಡು. ಇಷ್ಟು ಸುಲಭವೇ ಎಂದು ವೆಂಡಲಿನ್‌ಗೆ ಅಳು ಬರುವಂತಾಯಿತು. ಇಂಥ ಹೆಂಗಸನ್ನು ಯಾಕೆ ಬಿಟ್ಟೆ ಎಂಬ ಪ್ರಶ್ನೆ ಸಹ ಅರೆಗಳಿಗೆ ಬಂದು ಹೋಯಿತು.

“ನೀನು ನೆನಪಿಸಿದ್ದು ಒಳ್ಳೇದಾಯ್ತು” ಎಂದಳು ಲವೋನ್, ಡ್ರಾಯರಿನಿಂದ ಇನ್ನೊಂದು ಫಾರಂ ತೆಗೆದು ನಾಲ್ಕು ಸಾಲು ಗೀಚುತ್ತಾ. “ನಂದೂ ಒಂದು ಇಂಥದೇ ಇದೆ. ಸಾಕ್ಷಿ ಬೇಕು. ಇಲ್ಲೊಂದು ಸಹಿ ಹಾಕ್ತೀಯಾ? ಆಗ್ನೆಸ್, ನೀವೂ ಬನ್ನಿ.”

ವೆಂಡಲಿನ್ ಜೇಬು ತಡಕಿದ. ಕನ್ನಡಕ ಇಲ್ಲ. ಕಾಗದದ ಮೇಲೆ ಇರುವೆ ಸಾಲಿನಂತೆ ಏನೋ ಕಂಡಿತು. ಅವಳ ಬೆರಳಿದ್ದ ಕಡೆ ಉದಾರವಾಗಿ ಸಹಿ ಹಾಕಿ, ಟೋಪಿ ಎತ್ತಿ ವಂದಿಸಿ, ಸಿಳ್ಳೆ ಹಾಕುತ್ತಾ ಮನೆಗೆ ಬಂದ.

ಜಗುಲಿಯ ಮೇಲೆ ಹದಿನಾಲ್ಕು ಪಾತ್ರೆಗಳಿದ್ದವು. ಆಲೂಗಡ್ಡೆಯದು, ನೂಡಲ್ಸಿನದು, ಎಲೆಕೋಸು ಮಾಂಸ ತುಂಬಿದ ಬನ್ನುಗಳದು. ರೋಸೆನ್‌ಡಾರ್ಫಿನಲ್ಲಿ ಸಾವಿನ ಮನೆಗಲ್ಲದೆ ಇಷ್ಟು ಪಾತ್ರೆ ಬರುವುದಿಲ್ಲ. ಅವುಗಳ ನಡುವೆ ಬರ್ನಿಟಾ ಒಡೆದ ಲಕೋಟೆ ಹಿಡಿದು ಕೂತಿದ್ದಳು.

“ಎಲ್ಲಿಗೆ ಹೋಗಿದ್ದೆ?”

ವೆಂಡಲಿನ್ ಎಲ್ಲ ಒಪ್ಪಿಕೊಂಡ. ಲಕೋಟೆ, ನಾಮಿನಿ, ಶವಪೆಟ್ಟಿಗೆ, ಲವೋನ್. “ನಿಂಗೆ ಗೊತ್ತಾದ್ರೆ ನೊಂದ್ಕೋತೀಯ ಅಂತ ಹೆದರಿದ್ದೆ. ಈಗ ಚಿಂತೆಯಿಲ್ಲ. ಅವಳ ಹೆಸರು ತೆಗೆಸಿ ನಿನ್ನ ಹೆಸರು ಹಾಕಿಸಿದೀನಿ.”

ಬರ್ನಿಟಾಳ ಮುಖ ಬಿಳಿಚಿಕೊಂಡಿತು.

“ತೆಗೆಸಿದೆಯಾ? ಯಾರು ಹೇಳಿದ್ರು ನಿಂಗೆ ತೆಗೆಸೋಕೆ? ಆರು ವರ್ಷದಿಂದ ಆ ಲಕೋಟೆನ ನಾನು ಬಿಚ್ಚಿ, ಓದಿ, ನಿನ್ನ ಕಣ್ಣಿಗೆ ಬೀಳದ ಹಾಗೆ ಡ್ರಾಯರಿಗೆ ಹಾಕ್ತಿದೀನಿ. ನಾಳೆ ಆ ಪುಟ ತೆರೀಬೇಡಪ್ಪಾ ಅಂತ ಕಂಪನಿಯವನಿಗೂ ಹೇಳಿಟ್ಟಿದ್ದೆ!”

“ಯಾಕೆ?”

“ಯಾಕೆ ಅಂತೆ! ಚರ್ಚಿನ ಊಟದ ದಿನ ಬನ್ ಮಡಚ್ತಾ ಮಡಚ್ತಾ ಲವೋನ್ ಬಾಯಿಬಿಟ್ಟಿದ್ಲು, ಮದುವೆಯಾದ ವಾರ ಬರೆದ ನಾಮಿನಿ ಫಾರಂ ಇನ್ನೂ ಹಾಗೇ ಬಿದ್ದಿದೆ, ಬದಲಾಯಿಸೋಕೆ ಸೋಮಾರಿತನ ಅಂತ. ಅವಳ ನಾಮಿನಿ ನೀನು ಕಣೋ! ಅವಳಿಗೆ ಎಪ್ಪತ್ತೊಂದು. ಎದೆ ಎರಡು ಸಲ ಕೊಯ್ದಿದ್ದಾರೆ. ದಿನಕ್ಕೊಂದು ಪ್ಯಾಕ್ ಸೇದ್ತಾಳೆ. ಮೂವತ್ತೆಂಟು ವರ್ಷ ಬ್ಯಾಂಕಲ್ಲಿ ಕೂತು ಒಂದು ವರ್ಷವೂ ಬಿಡದೆ ಹಾಕಿದಾಳೆ. ನಾಲ್ಕು ಲಕ್ಷದ ಹನ್ನೆರಡು ಸಾವಿರ ಡಾಲರ್! ನಿನ್ನ ಫಾರಂ ಸುದ್ದಿ ಎದ್ರೆ ಅವಳಿಗೂ ತನ್ನದು ನೆನಪಾಗತ್ತೆ, ಹಾಗಾಗದೆ ಇದ್ರೆ ಸಾಕು ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ.” ಅವಳು ಉಸಿರು ತೆಗೆದುಕೊಂಡಳು. “ಹೋಗ್ಲಿ. ಅವಳ ಎದುರಿಗೆ ಬೇರೇನೂ ಮಾತಾಡಲಿಲ್ಲ ತಾನೆ?”

“ಮಾತು ಏನಿಲ್ಲ” ಎಂದ ವೆಂಡಲಿನ್. “ಒಂದು ಸಹಿ ಹಾಕಿದೆ.”

“ಯಾವುದಕ್ಕೆ?”

ಉತ್ತರ ಹೇಳುವ ಕಷ್ಟ ಅವನಿಗೆ ಬರಲಿಲ್ಲ. ಆಗ್ನೆಸ್ ಹದಿನೈದನೆಯ ಪಾತ್ರೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

“ಬರ್ನಿಟಾ, ನಿನ್ನ ಗಂಡ ದೇವರಂಥವನು ಕಣೆ! ಇಂಥ ಸ್ಥಿತೀಲೂ, ಅಷ್ಟೊಂದು ದುಡ್ಡಿನಿಂದ ತನ್ನ ಹೆಸರು ಹೊಡೆದುಹಾಕೋ ಕಾಗದಕ್ಕೆ ತಾನೇ ಸಾಕ್ಷಿ ಹಾಕಿದ. ಅವನು ಹೋದ ಮೇಲೆ ಲವೋನೇ ಹೇಳಿದ್ಲು, ಎಲ್ಲಾನೂ ಸ್ಮಶಾನದ ಹುಲ್ಲು ಕತ್ತರಿಸೋ ಸಮಿತಿಗೆ ಬರೆದ್ಲಂತೆ. ನಿನ್ನ ಗೋರಿ ಯಾವಾಗ್ಲೂ ಚೊಕ್ಕವಾಗಿರತ್ತಪ್ಪಾ ವೆಂಡಲಿನ್. ತಗೋ, ನಿನ್ನ ಕನ್ನಡಕ. ಗಿಲ್ಬರ್ಟನ ಹೆಂಡತಿ ಕೊಟ್ಲು, ಪೆಟ್ಟಿಗೆ ಮೇಲೆ ಬಿಟ್ಟು ಬಂದಿದ್ದೆಯಂತೆ.”

ವೆಂಡಲಿನ್ ಕನ್ನಡಕ ಹಾಕಿಕೊಂಡ. ಎದುರಿಗೆ ಬರ್ನಿಟಾಳ ಮುಖ ಸ್ಪಷ್ಟವಾಗಿ ಕಾಣಿಸಿತು. ಮೆಲ್ಲಗೆ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡ.