ಹೊಸ ಅಧಿವೇಶನ, ಹಳೇ ನಂಬರು

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಹಲ್ಲಿನ ಡಾಕ್ಟರನ್ನು ಕಂಡರೆ. ನನಗೆ ಭಯ ವಿಧಾನಮಂಡಲದ ಹೊಸ ಅಧಿವೇಶನದ್ದು. ನಾನು ಶಾಸಕನಲ್ಲ, ಆಗುವ ಲಕ್ಷಣವೂ ಇಲ್ಲ. ಪುಣೆಯ ಸದಾಶಿವ ಪೇಠದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಮೇಲಿನ ಮಹಡಿಯಲ್ಲಿ, ವ್ಯಾಪಾರಿಗಳಿಗೆ ಕಾನೂನಿನ ಸುದ್ದಿ ಮುಟ್ಟಿಸುವ ಸಣ್ಣ ಆಫೀಸಿನ ಗುಮಾಸ್ತ. ಯಾವ ಮಸೂದೆ ಬಂತು, ಎಲ್ಲಿಗೆ ಬಂದು ನಿಂತಿತು ಎಂದು ನೋಡಿ, ಅದು ಯಾರಿಗೆ ತಟ್ಟುತ್ತದೋ ಅವರಿಗೆ ಫೋನ್ ಮಾಡಿ ಹೇಳುವುದು ನನ್ನ ಕೆಲಸ. ನಿಜವಾಗಿ ನೋಡುವುದು ಕಂಪ್ಯೂಟರು. ಅಧಿವೇಶನ ಯಾವುದು, ಮಸೂದೆಯ ನಂಬರು ಎಷ್ಟು ಎಂದು ಅದರ ಹುಡುಕಾಟದಲ್ಲಿ ಒಮ್ಮೆ ತುಂಬಿಟ್ಟರೆ ಸಾಕು, ಏನಾದರೂ ಆದ ಕೂಡಲೇ ನನ್ನ ಮೊಬೈಲಿಗೆ ಸುದ್ದಿ ಬರುತ್ತದೆ. ಇದನ್ನು ಕೇಳಿದ ನನ್ನ ಹೆಂಡತಿ, "ಮತ್ತ ನೀವು ದಿನಾ ಹೋಗಿ ಏನ್ ಮಾಡ್ತೀರಿ?" ಎಂದಳು. ಆ ಪ್ರಶ್ನೆ ಇನ್ನೂ ಚರ್ಚೆಗೆ ಬಾಕಿ ಇದೆ.

ಹೊಸ ಅಧಿವೇಶನ ಬಂದಾಗ ಈ ಹುಡುಕಾಟಗಳನ್ನೆಲ್ಲ ಬದಲಿಸಬೇಕು. ಹೋದ ವರ್ಷ ತೀರ್ಮಾನವಾಗದೆ ಉಳಿದ ಮಸೂದೆ ಹಳೇ ವರ್ಷದ ನಂಬರಿನಲ್ಲೇ ಇರುತ್ತದೆ, ಅದರ ಚರ್ಚೆ ಮಾತ್ರ ಹೊಸ ಅಧಿವೇಶನದಲ್ಲಿ. ಹೊಸ ವರ್ಷದ ಮಸೂದೆಗಳಿಗೆ ಮತ್ತೆ ಒಂದರಿಂದ ನಂಬರು. ಹಾಗಾಗಿ ಹಳೇ ನಂಬರಿನ ಪಕ್ಕ ಅದರ ವರ್ಷವನ್ನೂ ತುಂಬದಿದ್ದರೆ ಕಂಪ್ಯೂಟರು ಹೊಸ ಮಸೂದೆಯನ್ನೇ ತೋರಿಸುತ್ತದೆ. ಇದನ್ನು ನಮ್ಮ ಆಫೀಸಿನ ಯಜಮಾನಿ ದೇಶಪಾಂಡೆ ಮೇಡಂ ಮೊದಲು ಮರಾಠಿಯಲ್ಲಿ, ಆಮೇಲೆ ನನ್ನ ಮುಖ ನೋಡಿ ಹಿಂದಿಯಲ್ಲಿ ವಿವರಿಸಿದರು. ನಾನು ಎರಡೂ ಭಾಷೆಗೆ ತಲೆಯಾಡಿಸಿದೆ. ಹೋಗಿ ಎಲ್ಲ ಹುಡುಕಾಟಗಳಲ್ಲೂ ಅಧಿವೇಶನವನ್ನು ಹೊಸದು ಮಾಡಿದೆ, ನಂಬರುಗಳನ್ನು ಇದ್ದಂತೆಯೇ ಬಿಟ್ಟೆ. ಪಾಪ, ಅವು ಯಾರಿಗೇನು ಮಾಡಿದ್ದವು ಎನ್ನಿಸಿತ್ತು.

ಅವುಗಳಲ್ಲಿ ಏಳನೇ ನಂಬರಿನ ಮಸೂದೆ ನಮ್ಮ ಬಸವಣ್ಣೆಪ್ಪ ಕಾಕಾರಿಗೆ ತಟ್ಟುವಂಥದ್ದು. ಕಾಕಾ ನಮ್ಮ ಆಫೀಸಿನ ಗಿರಾಕಿ, ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ. ಅವರ ಗೋದಾಮು ಇರುವುದು ಪುಣೆಯ ಕಾತ್ರಜದಲ್ಲಿ, ಮನೆಗಳ ನಡುವೆ. ಇಂಥ ಗೋದಾಮುಗಳನ್ನು ಊರಾಚೆ ಕಳಿಸುವ ಮಸೂದೆಯೊಂದು ಹೋದ ವರ್ಷ ಬಂದು, ಪಾಸಾಗದೆ ನಿಂತಿತ್ತು. ಪಾಸಾದರೆ ಕಾಕಾ ಊರಾಚೆ ಸಾತಾರಾ ರಸ್ತೆಯಲ್ಲಿರುವ ಬೀಗರ ಗೋದಾಮಿನಲ್ಲಿ ಜಾಗ ಕೇಳಬೇಕು. ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಬೀಗರ ಜೊತೆ ನಿಂತ ಮಾತು ಇವತ್ತಿನವರೆಗೂ ಶುರುವಾಗಿಲ್ಲ. "ಅವ್ರ ಬಾಗಲಕ್ಕ ಹೋಗಿ ನಿಂದರೂದಂದ್ರ ನನಗ ಸತ್ತಂಗ ರೀ. ಖರೇನ ಪಾಸಾದ್ರ ಅಷ್ಟ ಹೇಳ್ರಿ," ಎಂದಿದ್ದರು.

ಹೊಸ ಅಧಿವೇಶನ ಶುರುವಾಗಿ ಸ್ವಲ್ಪ ದಿನಕ್ಕೆ ಮೊಬೈಲಿನಲ್ಲಿ ಸುದ್ದಿ ಬಂತು: ಏಳನೇ ಮಸೂದೆಗೆ ಎರಡೂ ಸದನಗಳ ಒಪ್ಪಿಗೆ. ಕಾಕಾರಿಗೆ ಫೋನ್ ಮಾಡಿ ಹೇಳಿದೆ. ಅವರು, "ಆತು ಬಿಡ್ರಿ," ಎಂದರು. ನನಗೂ ಸಂಕಟವಾಯಿತು. ಮರುದಿನ ಆಫೀಸಿನಲ್ಲಿ ಚಹಾ ಕುಡಿಯುತ್ತ ಆ ಮಸೂದೆಯನ್ನು ತೆರೆದು ಓದಿದರೆ, ಅದು ಯಾವುದೋ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಕುರಿತದ್ದು. ಎಲ್ಲಾದರೂ ಮೆಣಸಿನಕಾಯಿಯ ಸುಳಿವಿದೆಯೇ ಎಂದು ಕೊನೆಯ ಪುಟದವರೆಗೂ ಆಸೆಯಿಂದ ಹುಡುಕಿದೆ. ಇರಲಿಲ್ಲ. ಮೇಡಂ ಎರಡು ಭಾಷೆಯಲ್ಲಿ ಹೇಳಿದ್ದು ಆಗ ಅರ್ಧ ಅರ್ಥವಾಯಿತು. ಹುಡುಕಾಟದಲ್ಲಿ ನಂಬರು ಅಳಿಸಿ ಮಸೂದೆಯ ಹೆಸರನ್ನೇ ತುಂಬಿದೆ. ಕಾಕಾ ಫೋನ್ ಎತ್ತಲಿಲ್ಲ. ರಿಕ್ಷಾ ಹಿಡಿದು ಕಾತ್ರಜಕ್ಕೆ ಓಡಿದೆ.

ಗೋದಾಮಿನ ಮುಂದೆ ಲಾರಿ ತುಂಬಿ ನಿಂತಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಬೀಗರಲ್ಲಿಗೆ ಹೊರಟಿದ್ದರು. "ಫೋನಿನ್ಯಾಗ ಕೇಳಿದ್ರ ಬ್ಯಾಡ ಅಂತಾರ. ಲಾರಿ ತಗೊಂಡ ಹೋದ್ರ ಹೆಂಗ ಅಂತಾರ?" ಎಂದರು. ನಾನು ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಹೇಳಿದೆ: "ಕಾಕಾ, ಇಳಸ್ರಿ. ಪಾಸಾಗಿದ್ದು ಬ್ಯಾರೇ ಏಳು."

"ಏಳು ಎಷ್ಟ ಅದಾವ್ರಿ?"

"ಎರಡ್ರಿ. ನಿಮ್ದು ಹಳೇ ಏಳು."

"ಹಂಗಾರ ಹಳೇದು ಸತ್ತು ಹೋತೇನು?"

"ಇಲ್ರಿ, ಜೀವಂತ ಅದ. ಹಳೇ ಅಧಿವೇಶನದ್ದರೀ ಅದು, ಆದ್ರ ಹೊಸಾದ್ರಾಗ..." ಎಂದು ಶುರು ಮಾಡಿ ಅಲ್ಲೇ ನಿಂತೆ. ಮುಂದೆ ಏನು ಎಂಬುದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ಗೋದಾಮಿನ ಮಸೂದೆ, ಈ ಸಲ ಅದರದೇ ಹೆಸರಿನಲ್ಲಿ: ಜಂಟಿ ಸಮಿತಿಗೆ ಕಳಿಸಲಾಗಿದೆ. ಅಂದರೆ ಈ ಅಧಿವೇಶನದಲ್ಲಿ ಪಾಸಾಗುವ ಮಾತಿಲ್ಲ. ಕುಣಿಯುವಷ್ಟು ಖುಷಿಯಾಗಿ ಗಟ್ಟಿಯಾಗಿ ಓದಿ ಹೇಳಿದೆ.

ಕಾಕಾ ನನ್ನನ್ನೇ ನೋಡಿದರು. "ನಿನ್ನೀದೂ ನೀವ ಓದಿದ್ರಿ," ಎಂದು ನಮ್ಮ ಮೇಡಂಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಗೋದಾಮಿನ ಮಸೂದೆ ಏನಾಯಿತೆಂದು ಕೇಳಿದರು. ನಾನು ಪಕ್ಕದಲ್ಲೇ ಇರುವುದು ಮೇಡಂಗೆ ಗೊತ್ತಿಲ್ಲ, ನಿನ್ನೆಯ ಗೊಂದಲವೂ ಗೊತ್ತಿಲ್ಲ. ಆ ಮಸೂದೆಯನ್ನು ನೋಡುವವರು ನಮ್ಮಲ್ಲಿ ಒಬ್ಬರೇ, ಬಹಳ ಜಾಗರೂಕ ಮನುಷ್ಯ, ಅವರು ಹೇಳಿದ್ದೇ ನಮಗೂ ಕೊನೆಯ ಮಾತು ಎಂದು ಮರಾಠಿಯಲ್ಲಿ ಹೇಳಿ, ನನ್ನ ಹೆಸರು ಕೊಟ್ಟು ಫೋನ್ ಇಟ್ಟರು. ಇಷ್ಟು ವರ್ಷಗಳಲ್ಲಿ ಮೇಡಂ ನನ್ನನ್ನು ಹೊಗಳಿದ್ದು ಅದೇ ಮೊದಲು.

ಕಾಕಾ ಫೋನ್ ನೋಡಿದರು, ನನ್ನನ್ನು ನೋಡಿದರು, ಲಾರಿಯನ್ನು ನೋಡಿದರು. ಕೊನೆಗೆ ಹಮಾಲರಿಗೆ, "ಅರ್ಧಾ ಇಳಸ್ರಿ," ಎಂದರು. ಯಾವ ಅರ್ಧ ಎಂದು ಹಮಾಲರು ಕೇಳಿದರು. "ಅವ್ರನ್ನ ಕೇಳ್ರಿ," ಎಂದು ನನ್ನ ಕಡೆ ಬೆರಳು ತೋರಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಾಕಾ ಒಳಗೆ ಹೋದರು. ಹಮಾಲರು ನನ್ನತ್ತ ತಿರುಗಿ ನಿಂತರು. ಚೀಲಗಳೆಲ್ಲ ನನಗೆ ಒಂದೇ ತರಹ ಕಂಡವು. ಯಾವುದಕ್ಕೂ ಒಮ್ಮೆ ಮೇಡಂಗೆ ಫೋನ್ ಮಾಡಿ ಕೇಳೋಣ ಅನ್ನಿಸಿತು.